ಬೀಡಿ ಕಟ್ಟಿನೊಳಗಿನ ಅಪ್ಪ

ನನ್ನ ಅಪ್ಪನದು ಉಳಿದಿರುವುದು ಒಂದೇ ಫೋಟೋ, ಅದೂ ಬೀಡಿ ಕಂಪನಿಯದ್ದು. ಊರಿನ ವಾಲಿಬಾಲ್ ಪಂದ್ಯದಲ್ಲಿ ಅಪ್ಪ ಹಾರಿ ಚೆಂಡು ಹೊಡೆಯುವಾಗ ಕಂಪನಿಯವರು ತೆಗೆಸಿ, ಅಂಗೈಯಗಲದ ಕಾರ್ಡಿನಲ್ಲಿ ಅಚ್ಚು ಹಾಕಿಸಿ, ಬೀಡಿ ಕಟ್ಟಿನೊಳಗೆ ಇಡುತ್ತಿದ್ದರು. ಆಟಗಾರರ ಚಿತ್ರ ಕೂಡಿಸುವ ಆಸೆಗೆ ಜನ ಇನ್ನೊಂದು ಕಟ್ಟು ಕೊಳ್ಳಲಿ ಎಂದು. ಅಪ್ಪನನ್ನು ಒಂದು ಮಾತು ಕೇಳಿರಲಿಲ್ಲ. ಅವರು ಜೀವಮಾನದಲ್ಲಿ ಒಂದು ಬೀಡಿಯನ್ನೂ ಸೇದಿದವರಲ್ಲ.

ಕುವೈತಿನ ನನ್ನ ಆಫೀಸಿನಲ್ಲಿ, ಅಮೆರಿಕನ್ ಮ್ಯಾನೇಜರರ ಕುರ್ಚಿಯ ಹಿಂದೆ ಇಂಥವೇ ಕಾರ್ಡುಗಳಿವೆ. ಹಳೆಯ ಕಾಲದ ಬೇಸ್‌ಬಾಲ್ ಆಟಗಾರರು, ಸಿಗರೇಟು ಪ್ಯಾಕಿನೊಳಗೆ ಬಂದವರು. ಗಾಜಿನ ಚೌಕಟ್ಟು ಬೇರೆ. ಬಂದವರೆಲ್ಲ ಬಾಯಿ ತುಂಬ ಹೊಗಳುತ್ತಾರೆ.

ಇಲ್ಲಿ ಕುವೈತಿನಲ್ಲಿರುವ ನಮ್ಮ ಕರಾವಳಿ ಸಂಘ ಊರಿನ ಹಳೆಯ ಆಟಗಾರರ ಫೋಟೋ ಪ್ರದರ್ಶನ ಮಾಡುತ್ತದೆಂದು ಕೇಳಿ, ಆ ಕಾರ್ಡನ್ನು ಫಹಾಹೀಲಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಕೊಟ್ಟೆ. ಪ್ರದರ್ಶನದ ಸಂಜೆ ಸಲ್ವಾದಲ್ಲಿ ಸಂಘ ಹಿಡಿದಿದ್ದ ಸಭಾಂಗಣಕ್ಕೆ ಹೋಗಿ ನೋಡಿದರೆ ಮೈಯೆಲ್ಲ ಉರಿಯಿತು. ಬೀಡಿಯ ಹೆಸರು ಕಾಣಬಾರದೆಂದು ಗಾಜಿನ ಮೇಲೆ ಬಿಳಿ ಕಾಗದ ಅಂಟಿಸಿದ್ದರು. ಹೆಸರು ಇದ್ದದ್ದು ಕಾಲಿನ ಹತ್ತಿರ. ಮೊಣಕಾಲಿನಿಂದ ಕೆಳಗೆ ಅಪ್ಪ ಇರಲೇ ಇಲ್ಲ. ಕಾಗದವನ್ನು ಅಲ್ಲೇ ಕಿತ್ತೆ.

ಸಂಘದ ಕಾರ್ಯದರ್ಶಿ ಓಡಿ ಬಂದ. ನನಗಿಂತ ಚಿಕ್ಕವನು, ನಮ್ಮ ಪಕ್ಕದೂರಿನವನು.

"ಎಂತ ಮಾಡ್ತಿದ್ದೀರಿ ಅಕ್ಕ? ಅದು ತಂಬಾಕಿನ ಜಾಹೀರಾತು. ಮಕ್ಕಳು ಬರ್ತಾರೆ."

"ಹಾರಿದವರ ಕಾಲನ್ನೇ ಮುಚ್ಚಿದ್ರೆ, ಹಾರಿದ್ದು ಮಕ್ಕಳಿಗೆ ಹೇಗೆ ಗೊತ್ತಾಗುದು ಮಾರಾಯ?"

"ಅದು ಸರಿ. ಆದ್ರೆ ಬೀಡಿಯ ಹೆಸರು ಗೋಡೆಯಲ್ಲಿ ಚಂದ ಕಾಣುದಿಲ್ಲ. ನಾಲ್ಕು ಜನ ಎಂತ ಹೇಳ್ತಾರೆ?" ಎಂದು ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮತ್ತೆ ಅಂಟಿಸಲು ಹೋದ.

ಮ್ಯಾನೇಜರರ ಗೋಡೆಯಲ್ಲಾದರೆ ಅದು ಅಮೂಲ್ಯ ವಸ್ತು, ನಮ್ಮ ಗೋಡೆಯಲ್ಲಾದರೆ ಮರ್ಯಾದೆಗೇಡು. ಸಿಟ್ಟು ನೆತ್ತಿಗೇರಿತು.

"ಆ ಬೀಡಿ ಕಟ್ಟಿಯೇ ನನ್ನಮ್ಮ ನನ್ನನ್ನು ಓದಿಸಿದ್ದು. ನಿನ್ನಮ್ಮ ಎಂತ, ಮಲ್ಲಿಗೆ ಕಟ್ಟಿದ್ದಾ?"

ಹಾಗೆ ಕೇಳಬಾರದಿತ್ತು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಚಾಚಿದ ಅವನ ಕೈ ಅಲ್ಲೇ ನಿಂತಿತು.

"ಅಮ್ಮನೂ ಇದೇ ಕಂಪನಿಗೆ ಕಟ್ತಿದ್ರು ಅಕ್ಕ," ಎಂದ, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ. "ಅವರದ್ದು ಒಂದು ಫೋಟೋ ಸಹ ಇಲ್ಲ ನಮ್ಮಲ್ಲಿ."

ಕಾಗದವನ್ನು ಮುದ್ದೆ ಮಾಡಿ ಕಿಸೆಗೆ ಹಾಕಿಕೊಂಡ. ಆಮೇಲೆ ಕರವಸ್ತ್ರ ತೆಗೆದು, ಗಾಜಿನ ಮೇಲೆ ಉಳಿದಿದ್ದ ಅಂಟನ್ನು ಬೀಡಿಯ ಹೆಸರು ಸ್ಪಷ್ಟವಾಗಿ ಕಾಣುವವರೆಗೆ ಒರೆಸಿದ.