ಬ್ರೆಡ್ಡಿನ ಪಥ್ಯ ಬಿಟ್ಟು ಗದ್ದೆಗಿಳಿದ ಕೆಂಪಾಜಮ್ಮ

ನಮ್ಮೂರು ಚುಂಚನಕಟ್ಟೆ ನಾಲೆಯ ಪಕ್ಕದಲ್ಲಿದೆ. ಇಲ್ಲಿ ಭತ್ತದ ನಾಟಿ ಅಂದರೆ ಕೆಂಪಾಜಮ್ಮ. ಅರವತ್ತೆರಡು ವರ್ಷ, ಸಣಕಲು ಮೈ, ಗಂಟಲು ಮಾತ್ರ ಮೂರು ಗದ್ದೆ ಆಚೆಗೂ ಕೇಳುತ್ತದೆ. ಹನ್ನೊಂದು ಹೆಂಗಸರ ತಂಡ ಅವರದು. ಮೊದಲ ಸಾಲು ಅವರೇ ಹಿಡಿಯಬೇಕು, ಅವರ ಕೈ ನೋಡಿಕೊಂಡೇ ಉಳಿದವರು ಪೈರು ಊರುವುದು. ಗೆಳತಿಯರ ಫೋನಿನಲ್ಲಿ ಸಿನಿಮಾದವರ ಫೋಟೋ ಇರುತ್ತೆ, ನನ್ನ ಫೋನಿನಲ್ಲಿ ಸೊಂಟಕ್ಕೆ ಸೀರೆ ಸಿಕ್ಕಿಸಿ ನಿಂತ ಕೆಂಪಾಜಮ್ಮ ಇದ್ದಾರೆ.

ಅಂಥವರು ಈ ಆಗಸ್ಟಿನಲ್ಲಿ ಒಂಬತ್ತು ದಿನ ಜಗಲಿ ಬಿಟ್ಟು ಕದಲಲಿಲ್ಲ. ಆಗಿದ್ದಿಷ್ಟು. ಅವರಿಗೆ ನೆಗಡಿ ಬಂತು. ಮಗನ ಹಲ್ಲು ಕಿತ್ತಾಗ ಕೊಟ್ಟಿದ್ದ ಆಂಟಿಬಯೋಟಿಕ್ ಮಾತ್ರೆ ಡಬ್ಬಿಯಲ್ಲಿ ಉಳಿದಿತ್ತು. "ಅವನ್ಗೆ ವಾಸಿ ಮಾಡಿದ್ದು ನಂಗೆ ಮಾಡಾಕಿಲ್ವಾ" ಅಂತ ನುಂಗಿಬಿಟ್ಟರು. ನೆಗಡಿ ತನ್ನ ಪಾಡಿಗೆ ಹೋಯಿತು, ಭೇದಿ ಬಂದು ಕೂತಿತು.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರಿಗೈಲಿ ಹೋಗುವಂತಿಲ್ಲ, ಬ್ರೆಡ್ಡು ಒಯ್ಯಬೇಕು. ತಂಡದವರೆಲ್ಲ ಒಬ್ಬೊಬ್ಬರಾಗಿ ಬಂದು ಹೋದರು. ಸೊಸೆ ಪುಷ್ಪಾ ಪಥ್ಯದಲ್ಲಿ ಕಟ್ಟುನಿಟ್ಟು. ಮುದ್ದೆ ಭಾರ, ಮೊಸರು ಶೀತ, ಸೊಪ್ಪು ನಂಜು. ಹಾಗಾಗಿ ಮೂರು ಹೊತ್ತೂ ಟೀಗೆ ಅದ್ದಿದ ಬ್ರೆಡ್ಡೇ.

ಗುರುವಾರ ಬೆಳಿಗ್ಗೆ ಒಂದೆಕರೆ ಗದ್ದೆಯ ಯಜಮಾನ ಸೋಮಯ್ಯ ಬಂದ. ಅವನ ಕೈಯಲ್ಲೂ ಬ್ರೆಡ್ಡು.

"ಕೆಂಪಾಜಕ್ಕ, ನಾಟಿ ಪೈರು ಬಲ್ತು ಕುಂತದೆ. ಸೋಮವಾರ ನೀನು ಇಳೀದಿದ್ರೆ ಸಾಲಿಗ್ರಾಮದ ಕಡೆಯಿಂದ ಆಳು ಕರೀತೀನಿ. ಬೇಜಾರು ಮಾಡ್ಕಬ್ಯಾಡ."

"ಅವ್ರು ನೆಟ್ರೆ ನಿನ್ ಗದ್ದೇಲಿ ಎಮ್ಮೆ ನಡೆದಂಗಿರ್ತದೆ ಕಣ."

"ಎಮ್ಮೆನಾದ್ರೂ ನಡೀತದೆ. ನೀನು ನಡೀತೀಯಾ ಅಂತ ನಾನು ಕೇಳ್ತಿರೋದು."

ಉತ್ತರ ಕೊಡಲು ಎದ್ದ ಕೆಂಪಾಜಮ್ಮ ಕಂಬ ಹಿಡಿದು ಹಾಗೇ ಕೂತರು. ಒಂದು ಸಲ ಬೇರೆ ಆಳು ಇಳಿದರೆ ಮುಂದಿನ ವರ್ಷ ತಮ್ಮ ತಂಡವನ್ನು ಯಾರೂ ಕರೆಯುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು.

ಮಧ್ಯಾಹ್ನ ಆರೋಗ್ಯ ಉಪಕೇಂದ್ರದ ಸಿಸ್ಟರ್ ಮಧುಶ್ರೀ ಬಂದರು. ಜ್ವರ ಇದೆಯಾ, ರಕ್ತ ಹೋಗುತ್ತಾ ಅಂತ ಕೇಳಿದರು, ಬಿ.ಪಿ. ನೋಡಿದರು. ಜ್ವರ, ರಕ್ತ ಎರಡೂ ಇರಲಿಲ್ಲ, ಬಿ.ಪಿ.ಯೂ ಸರಿಯಿತ್ತು. ಆಮೇಲೆ ಗೂಡಿನಲ್ಲಿ ಪೇರಿಸಿಟ್ಟಿದ್ದ ಬ್ರೆಡ್ಡು ಕಣ್ಣಿಗೆ ಬಿತ್ತು.

"ಇದೇನು, ಬೇಕರಿ ಇಟ್ಟಿದ್ದೀರಾ?"

"ಪಥ್ಯ ಸಿಸ್ಟರ್," ಅಂದಳು ಪುಷ್ಪಾ.

ಮಧುಶ್ರೀ ಜಗಲಿ ಮೇಲೇ ಕೂತರು. "ಅಜ್ಜಿ, ಕಳೆ ಔಷಧಿ ತಪ್ಪಾಗಿ ಹೊಡೆದ್ರೆ ಏನಾಗುತ್ತೆ?"

"ಪೈರೂ ಸುಟ್ಟೋಯ್ತದೆ."

"ನೀವು ನುಂಗಿದ್ದೂ ಅಂಗೇ. ನಮ್ಮ ಕರುಳಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾ ಅವೆ. ಕಣ್ಣಿಗೆ ಕಾಣಲ್ಲ. ನಮ್ಗೆ ಅರಗದ ನಾರನ್ನ ಅವು ತಿಂದು ಕರುಳಿಗೆ ಬೇಕಾದ್ದು ಮಾಡ್ಕೊಡ್ತವೆ. ಕೆಟ್ಟವು ಬಂದು ಬೇರು ಬಿಡದಂಗೆ ಜಾಗ ಹಿಡ್ಕೊಂಡಿರ್ತವೆ. ಆ ಮಾತ್ರೆಯಿಂದ ನೆಗಡಿ ಹೋಗಲ್ಲ, ಒಳಗಿರೋ ಒಳ್ಳೇವಕ್ಕೆ ಏಟು ಬಿತ್ತು ಅಷ್ಟೇ."

ಕೆಂಪಾಜಮ್ಮ ತಮ್ಮ ಹೊಟ್ಟೆಯನ್ನೇ ನೋಡಿಕೊಂಡರು. "ಕೋಟಿ ಆಳು ಮಡಿಕಂಡಿದ್ದೀನಿ ಅಂತ ನಂಗೇ ಗೊತ್ತಿರ್ನಿಲ್ವಲ್ಲವ್ವ. ಹನ್ನೊಂದು ಜನಾನ ಸುಧಾರಿಸೋದ್ರಲ್ಲೇ ಸಾಕಾಗೋಯ್ತದೆ ನಂಗೆ."

"ಉಳಿದಿರೋ ಆಳಿಗೂ ನೀವು ಊಟ ಹಾಕ್ತಿಲ್ಲ. ಈ ಬ್ರೆಡ್ಡಲ್ಲಿ ಅವಕ್ಕೆ ತಿನ್ನೋಕೆ ಹೆಚ್ಚೇನೂ ಇಲ್ಲ. ರಾಗಿ, ಕಾಳು, ಸೊಪ್ಪು, ಅವಕ್ಕೆ ಬೇಕಾಗಿರೋದು ಅದು."

"ಕೇಳಿಸ್ಕಂಡೇನಮ್ಮಿ ಪುಷ್ಪಾ? ಆಳಿಗೆ ಹಿಟ್ಟಿಕ್ದೆ ಗೇಯಿಸಿದ್ದೀಯ. ನಮ್ಮನೇಲಿ ಯಾರೂ ಇಂಗೆ ಮಾಡಿರ್ನಿಲ್ಲ."

"ಬ್ರೆಡ್ಡು ತಂದೋರು ನಿಮ್ ತಂಡದೋರು ಅತ್ತೆ. ನಾನು ಬೇಕರಿ ಬಾಗಿಲೇ ತುಳಿದಿಲ್ಲ."

ಮಧುಶ್ರೀ ನಗುತ್ತಲೇ ಓ.ಆರ್.ಎಸ್. ಪೊಟ್ಟಣ ಕೊಟ್ಟರು. ಇವತ್ತು ಮಜ್ಜಿಗೆ ಹಾಕಿದ ತೆಳು ಅಂಬಲಿ, ಹೊಟ್ಟೆ ತಡೆದರೆ ಮೆತ್ತಗಿನ ಮುದ್ದೆ, ಆಮೇಲೆ ಸೊಪ್ಪು ಕಾಳಿನ ಉಪ್ಸಾರು, ಅದೂ ಸ್ವಲ್ಪ ಸ್ವಲ್ಪವೇ. ಕೆಲವರಿಗೆ ವಾರಗಟ್ಟಲೆ ಹಿಡಿಯುತ್ತೆ, ಶನಿವಾರಕ್ಕೂ ಕಡಿಮೆಯಾಗದಿದ್ದರೆ ಕೆ.ಆರ್. ನಗರದ ಆಸ್ಪತ್ರೆಗೆ ಹೋಗಲೇಬೇಕು ಅಂತಲೂ ಹೇಳಿದರು. "ಇನ್ನೊಬ್ರ ಮಾತ್ರೆ ಮುಟ್ಟಿದ್ರೆ ಮಾತ್ರ ನಾನು ಬರಲ್ಲ."

ಶುಕ್ರವಾರ ನಾಲ್ಕು ಸಲ ಹೋದರು. ಶನಿವಾರ ಎರಡು. ಭಾನುವಾರ ಬೆಳಿಗ್ಗೆ "ಗಟ್ಟಿಯಾಯ್ತು ಕಣ್ರವ್ವ" ಅಂತ ಹಿತ್ತಲಿಂದ ಕೂಗಿದ್ದು ನಮ್ಮ ಬೀದಿಗೆಲ್ಲ ಕೇಳಿತು. ನಮ್ಮಪ್ಪ ಇಡ್ಲಿ ತಟ್ಟೆ ಪಕ್ಕಕ್ಕಿಟ್ಟರು.

ಸೋಮವಾರ ಏಳು ಗಂಟೆಗೇ ಕೆಂಪಾಜಮ್ಮ ಗದ್ದೆಗಿಳಿದು ಮೊದಲ ಸಾಲು ಹಿಡಿದರು. ಸಾಲು ನೆಟ್ಟಗೆ ಬಂತು. ಹನ್ನೊಂದರ ಹೊತ್ತಿಗೆ ಅವರ ಕೈ ನಿಧಾನವಾಯಿತು. ಎಲ್ಲರೂ ನೋಡಿದರು. ಬದುವಿನ ಮೇಲೆ ನಿಂತಿದ್ದ ಸೋಮಯ್ಯನೂ ನೋಡಿದ.

ಅವರು ಸೊಂಟ ನೆಟ್ಟಗೆ ಮಾಡಿ, ಕೈಲಿದ್ದ ಪೈರಿನ ಕಟ್ಟನ್ನು ಅಂದು ಜೊತೆಗೆ ಗದ್ದೆಗಿಳಿದಿದ್ದ ಸೊಸೆಯ ಕಡೆ ಚಾಚಿದರು. "ತಗಾ, ಇನ್ಮೇಲೆ ನೀನು ಹಿಡಿ ಮೊದಲ್ನೇ ಸಾಲು."

"ನಾನಾ ಅತ್ತೆ?"

"ಇನ್ಯಾರು, ಸೋಮಯ್ಯನಾ? ನೆಡಮ್ಮಿ."

ಪುಷ್ಪಾ ಹಿಡಿದಳು. ಕೆಂಪಾಜಮ್ಮ ಬದುವಿನ ಮೇಲೆ ಕೂತು, "ಎಡಕ್ಕೆ ಎಳೀತಿದ್ದೀಯ, ಬಲಕ್ಕೆ ಬಾ" ಅಂತ ಗಂಟಲು ತೆರೆದರು.

ಸೋಮಯ್ಯ ತಲೆ ಕೆರೆದುಕೊಂಡ. "ಸಾಲು ವಸಿ ಸೊಟ್ಟ ಬತ್ತಾದೆ ಕಣಕ್ಕ."

"ಮೂರು ಸಾಲು ನೆಟ್ರೆ ಸರಿಯಾಯ್ತಳೆ ಬುಡು. ನಾನೂ ಅಂಗೇ ಕಲ್ತಿದ್ದು."

ನಾಲ್ಕನೇ ಸಾಲು ನೆಟ್ಟಗೇ ಬಂತು. ಸಂಜೆ ಹೊತ್ತಿಗೆ ಎಕರೆ ಮುಗಿಯಿತು. ಸಾಲಿಗ್ರಾಮಕ್ಕೆ ಸೋಮಯ್ಯ ಫೋನು ಮಾಡಲೇ ಇಲ್ಲ.