ಏಳನೆಯ ಪೆಟ್ಟು

ನಮ್ಮವರ ಹೆಸರನ್ನು ನಾನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಕಾಗದದ ಮೇಲೆ ಬರೆದರೆ ತಪ್ಪಿಲ್ಲವೆಂದು ಮೊಮ್ಮಗಳು ಅಂದಿದ್ದಕ್ಕೆ ಬರೆಯುತ್ತೇನೆ: ಹೊಳೆಪ್ಪ. ಅನಗವಾಡಿಯ ಡೊಳ್ಳಿನ ಅಮಸಿದ್ದಪ್ಪನವರ ಮಗ.

ಅವರ ಕಥೆ ಹೇಳುವ ಮೊದಲು ನಮ್ಮ ಮನೆಯ ಪದ್ಧತಿಯೊಂದನ್ನು ಹೇಳಬೇಕು. ಬೀರಪ್ಪನ ಪಲ್ಲಕ್ಕಿ ಗುಡಿಯಿಂದ ಹೊರಡುವಾಗ ನಮ್ಮ ಮಾವ ಒಬ್ಬರೇ ಮುಂದೆ ನಿಂತು ಡೊಳ್ಳಿನ ಮೇಲೆ ಏಳು ಪೆಟ್ಟು ಬಾರಿಸುತ್ತಿದ್ದರು. ಮೊದಲಿನ ಆರು ಪೆಟ್ಟಿಗೆ ಯಾವ ಕಟ್ಟುಪಾಡೂ ಇರಲಿಲ್ಲ. ಕುರಿ ಕಾಯುವ ಹುಡುಗರು ಸಹ ಎಣ್ಣೆಯ ಡಬ್ಬಿಯ ಮೇಲೆ ಬಡಿದುಕೊಂಡು ಹೋಗುತ್ತಿದ್ದರು. ಏಳನೆಯದು ದೇವರನ್ನು ಎಬ್ಬಿಸುವ ಪೆಟ್ಟು. ಮನೆಯ ಹಿರಿಯ ಉಪವಾಸವಿದ್ದು, ಬರಿಗಾಲಲ್ಲಿ, ಗುಡಿಯ ಮುಂದೆ ಮಾತ್ರ ಬಾರಿಸಬೇಕು. ತಂದೆ ತನ್ನ ಕೈಯಿಂದ ಕೋಲು ಕೊಡುವ ತನಕ ಮಗನಿಗೂ ಅದು ಸಲ್ಲದು. ಮೇಳದ ಉಳಿದವರು ಮನಸ್ಸಿನಲ್ಲೇ ಎಣಿಸುತ್ತ ನಿಂತು, ಏಳನೆಯದು ಬೀಳುವ ಹೊತ್ತಿಗೇ ಸರಿಯಾಗಿ ಅಂಗೈಯಿಂದ ತೊಡೆಗೊಂದು ಹೊಡೆದುಕೊಂಡು ಒಟ್ಟಿಗೆ ಡೊಳ್ಳು ಎತ್ತಿಕೊಳ್ಳುತ್ತಿದ್ದರು.

ಇಂಥ ಮನೆಯ ಹುಡುಗ ಹದಿನಾಲ್ಕರಲ್ಲಿ ಸಾಲಿ ಕಲಿಯುವೆನೆಂದು ಜಮಖಂಡಿಗೆ ಹೋಗಿ ಬ್ಯಾಂಡಿನ ಬೆನ್ನು ಹತ್ತಿದರು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತು. ದರಬಾರದ ಬ್ಯಾಂಡಿನವರ ಹಳೆಯ ಕೆಂಪು ಕೋಟುಗಳು ಯಾರದೋ ಮನೆಯಲ್ಲಿ ಸಿಕ್ಕವು. ಬನಹಟ್ಟಿಯ ನೇಕಾರರ ಮೂವರು ಹುಡುಗರು, ಇವರೊಬ್ಬರು, ನಾಲ್ವರೂ ಆ ಕೋಟು ತೊಟ್ಟರು. ತೋಳು ಉದ್ದವಾಗಿ ಬೆರಳೇ ಕಾಣುತ್ತಿರಲಿಲ್ಲವಂತೆ, ಮಡಚಿ ದಾರ ಕಟ್ಟಿಕೊಳ್ಳುತ್ತಿದ್ದರಂತೆ. ರಬಕವಿ, ಬನಹಟ್ಟಿ, ತೇರದಾಳ, ಎಲ್ಲಿ ಮದುವೆ ಇದ್ದರೂ ಇವರದೇ ಮೆರವಣಿಗೆ. ಮಗ್ಗದ ಸದ್ದಿನಲ್ಲಿ ಬೆಳೆದ ಹುಡುಗರಾದ್ದರಿಂದ ತಾಳ ತಪ್ಪುತ್ತಿರಲಿಲ್ಲ. ಊಟ ಕಂಡರೆ ಮಾತ್ರ ಎಲ್ಲವೂ ತಪ್ಪುತ್ತಿತ್ತು. ಮುಧೋಳದ ಒಂದು ಮದುವೆಯಲ್ಲಿ ಕ್ಲಾರಿನೆಟ್ ಊದುವ ಹುಡುಗ ಬುಂದೆ ಉಂಡಿ ತಿಂದು ತಿಂದು ಹಂದರದ ಕೆಳಗೇ ಮಲಗಿಬಿಟ್ಟ. ಎಬ್ಬಿಸಿದರೆ ಏಳಲೊಲ್ಲ, ರಾಗ ಊದಲು ಬೇರೆ ಯಾರೂ ಇಲ್ಲ. ನಮ್ಮವರು ದೊಡ್ಡ ಡ್ರಮ್ಮೊಂದನ್ನೇ ನಾಲ್ಕೈದು ಬಗೆಯಲ್ಲಿ ಬಾರಿಸುತ್ತ ಮದುಮಗನನ್ನು ಊರ ಅಗಸೆಬಾಗಿಲಿನಿಂದ ಮನೆಯ ಬಾಗಿಲ ತನಕ ತಂದರು. ಅಲ್ಲಿ ಬೀಗರ ಸಾಲಿನಲ್ಲಿ ನೀಲಕಂಠ ಮಾಸ್ತರರೆಂದು ನಾಟಕ ಕಂಪನಿಯ ಪೆಟಿಗೆಯವರು, ಅಂದರೆ ಹಾರ್ಮೋನಿಯಂ ನುಡಿಸುವವರು, ನಿಂತಿದ್ದರು. ಊಟವಾದ ಮೇಲೆ ಇವರನ್ನು ಕರೆದು, ಕೋಟು ಬಿಚ್ಚಿಟ್ಟು ನನ್ನ ಜತೆ ಬಾ ಎಂದರು.

ಹಾಗೆ ಕಂಪನಿ ಸೇರಿ ತಬಲಾ ಕಲಿತರು, ಪೆಟಿಗೆ ಕಲಿತರು, ಹಾಡಿಗೆ ಧಾಟಿ ಹಚ್ಚುವುದನ್ನು ಕಲಿತರು. ನನ್ನನ್ನು ಮದುವೆಯಾಗಿದ್ದು ಆಗಲೇ. ವರ್ಷಕ್ಕೆ ಮೂರು ಸಲ ಬರುತ್ತಿದ್ದರು, ಬಂದಾಗೆಲ್ಲ ನನ್ನ ಕೊಡದ ಮೇಲೂ ತಾಳ ಹಾಕುತ್ತಿದ್ದರು. ಕಂಪನಿ ಕೊಲ್ಲಾಪುರದಲ್ಲಿ ಬಿಡಾರ ಹೂಡಿದ್ದಾಗ ಅಲ್ಲಿಯ ಸಿನಿಮಾದವರಿಗೆ ಡೊಳ್ಳು ಬಾರಿಸಬಲ್ಲವನೊಬ್ಬ ಬೇಕಾಗಿದ್ದ. ಮಾಸ್ತರರು ಇವರನ್ನು ಕಳಿಸಿದರು. ಬಾರಿಸಲು ಹೋದವರು ಅಲ್ಲೇ ನಿಂತರು. ಎರಡು ವರ್ಷಕ್ಕೆ ಒಂದು ಮರಾಠಿ ಪಿಕ್ಚರಿನಲ್ಲಿ ಒಂದು ಇಡೀ ಹಾಡನ್ನು ಇವರೇ ಕಟ್ಟಿದರೆಂದು ಕಾಗದ ಬಂತು. ನಾನು ಮೂರನೆಯ ಇಯತ್ತೆ ಓದಿದವಳು, ಒಂದೊಂದೇ ಅಕ್ಷರ ಕೂಡಿಸಿ ಅತ್ತೆ ಮಾವಂದಿರಿಗೆ ಓದಿ ಹೇಳಿದೆ. ಮಾವ ಎದ್ದು ಹೋಗಿ ಎತ್ತುಗಳಿಗೆ ನೀರು ಕುಡಿಸಿ ಬಂದರು. ಅವರಿಗೆ ಸಂತೋಷವಾದರೆ ಹಾಗೇ.

ಆ ಸಂತೋಷ ಹದಿನೈದು ದಿನವೂ ಬಾಳಲಿಲ್ಲ. ನಮ್ಮ ಮೇಳದಲ್ಲಿ ಡೊಳ್ಳು ಬಾರಿಸುವ ಗಿರಮಲ್ಲಪ್ಪ ಕೊಲ್ಲಾಪುರಕ್ಕೆ ಕಂಬಳಿ ಮಾರಲು ಹೋಗಿದ್ದವನು ಪಿಕ್ಚರ್ ನೋಡಿಕೊಂಡು ಬಂದ. ಬಂದವನು ಮನೆಗೂ ಹೋಗದೆ ನಮ್ಮ ಕಟ್ಟೆಗೆ ಬಂದು ಕುಳಿತ.

"ನಿಮ್ಮ ಹೊಳ್ಯಾ ಬೀರಪ್ಪನ ಪೆಟ್ಟು ಸಿನೆಮಾದಾಗ ಬಾರಿಸ್ಯಾನ್ರಿ. ಹೆಂಗಸರ ಕುಣಿತಕ್ಕ. ಏಳಕ್ಕ ಏಳೂ ಬಿದ್ದಾವು, ನಾ ಎಣಿಸೇನಿ."

ಮಾವ ಒಳಗಿದ್ದ ನನಗೂ ಕೇಳುವಂತೆ ಹೇಳಿದರು. "ಅದು ಖರೇ ಇದ್ರ ಅವ ಈ ಹೊಸ್ತಿಲಾ ತುಳ್ಯಾಂಗಿಲ್ಲ. ಸೋಮವ್ವ, ನಿನಗ ಇಲ್ಲೆ ರೊಟ್ಟಿ ಐತಿ. ಅವನ ಹಿಂದ ಹೋಗ್ತೇನಂದ್ರ ತಡ್ಯಾಂಗೂ ಇಲ್ಲ."

ಕಾಗದ ಬರೆದು ಕೇಳೋಣವೆಂದು ಅತ್ತೆ ಮಾಯವ್ವ ಅಂದರು. ಮಾವ ಒಪ್ಪಲಿಲ್ಲ. ಕೇಳಿದರೆ ಇಲ್ಲ ಅಂತಾನೆ, ನನ್ನ ಕಿವಿಯಿಂದಲೇ ಕೇಳುತ್ತೇನೆ ಎಂದರು. ಪಿಕ್ಚರ್ ಈ ಕಡೆ ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ನಾನು ಹೊಳೆಗೆ ನೀರಿಗೆ ಹೋದರೆ, ಈ ಕಾಲುಹಾದಿಯಲ್ಲಿ ಇನ್ನೆಷ್ಟು ದಿನ ಎಂದುಕೊಳ್ಳುತ್ತಿದ್ದೆ. ನಮ್ಮವರನ್ನು ಬಿಟ್ಟು ಇರಲಾರೆ. ಆದರೆ ತಾಯಿಯಿಲ್ಲದ ನನ್ನನ್ನು ಮಗಳಂತೆ ಕಂಡ ಈ ಮನೆಯನ್ನು ಹೇಗೆ ಬಿಡಲಿ? ಅತ್ತೆ ಬಡಿದು ಕೊಟ್ಟ ರೊಟ್ಟಿಯನ್ನು ಅರ್ಧ ತಿಂದು ಎತ್ತಿಡುತ್ತಿದ್ದೆ.

ಬೀಳಗಿಗೆ ಡೇರೆಯ ಸಿನಿಮಾ ಬಂತು. ಮಾವ ಗಾಡಿ ಕಟ್ಟಿದರು. ಸಾಕ್ಷಿಗೆಂದು ಗಿರಮಲ್ಲಪ್ಪನನ್ನೂ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಅವನೊಬ್ಬನದೇ ಮಾತು. ಡೇರೆಯ ಬಾಗಿಲಲ್ಲಿ ಮಾವ ಕಾಲಿನ ಕೆರ ಬಿಟ್ಟರು. ಜನ ನಕ್ಕರು. ಆ ಪೆಟ್ಟು ಬೀಳುವುದೇ ಆದರೆ ಕೇಳುವವನ ಕಾಲಲ್ಲಿ ಕೆರ ಇರಬಾರದು ಎಂದು ಅವರ ಲೆಕ್ಕ.

ಗಂಡಸರು ಆ ಕಡೆ, ಹೆಂಗಸರು ಈ ಕಡೆ, ನಡುವೆ ಒಂದು ಹಗ್ಗ. ನಾನು ಹಗ್ಗದ ಪಕ್ಕದಲ್ಲೇ ಕುಳಿತೆ. ಪರದೆಯ ಮೇಲೆ ಏನಾಯಿತೋ ನನಗೆ ತಿಳಿಯದು, ಮಾವನ ಬೆನ್ನನ್ನೇ ನೋಡುತ್ತಿದ್ದೆ. ಸುಗ್ಗಿಯ ಹಾಡು ಬಂತು. ಹೆಂಗಸರು ರಾಶಿಯ ಸುತ್ತ ನಿಂತಿದ್ದಾರೆ, ಡೊಳ್ಳು ಶುರುವಾಯಿತು. ಒಂದು, ಎರಡು, ಮೂರು. ನಮ್ಮ ಗುಡಿಯದೇ ಲಯ, ಸಂಶಯವೇ ಇಲ್ಲ. ಅತ್ತೆ ನನ್ನ ಕೈ ಹಿಡಿದರು. ನಾಲ್ಕು, ಐದು, ಆರು.

ಆಮೇಲೆ ಏನೂ ಇಲ್ಲ. ಡೊಳ್ಳು ನಿಂತಿತು. ಹೆಂಗಸರು ತಲೆ ಎತ್ತಿ ಮೇಲೆ ನೋಡಿದರು. ಒಂದು ಪೆಟ್ಟಿನಷ್ಟು ಹೊತ್ತು ಪರದೆಯಿಂದ ಸದ್ದೇ ಇಲ್ಲ, ಆಮೇಲೆ ಕೊಳಲು ಬಂತು. ಆ ಖಾಲಿ ಜಾಗದಲ್ಲಿ ಗಂಡಸರ ಕಡೆಯಿಂದ ಫಟ್ ಎಂದು ಕೇಳಿಸಿತು. ಗಿರಮಲ್ಲಪ್ಪನ ಅಂಗೈ ಅವನ ತೊಡೆಯ ಮೇಲೆ ಬಿದ್ದಿತ್ತು.

ಮಾವ ನಿಧಾನವಾಗಿ ಅವನ ಕಡೆ ತಿರುಗಿದರು. "ಏಳನೇದು ಸಿಕ್ತು ನೋಡಲೇ ಗಿರಮಲ್ಲ. ನಿನ್ನ ತೊಡಿ ಮ್ಯಾಲ ಐತಿ."

ಅವನು ತನ್ನ ಕೈಯನ್ನೇ ನೋಡಿಕೊಂಡ. ಮೂವತ್ತು ವರ್ಷ ಮೇಳದಲ್ಲಿ ನಿಂತ ಕೈ, ಆರು ಕೇಳಿದರೆ ಏಳನೆಯದನ್ನು ತಾನೇ ಹಾಕುತ್ತದೆ. ಕೊಲ್ಲಾಪುರದಲ್ಲೂ ಅದೇ ಆಗಿತ್ತು. ಸುತ್ತ ಕುಳಿತವರಿಗೆ ವಿಷಯ ತಿಳಿದು ನಗು ಎದ್ದಿತು. ಅತ್ತೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಟಿನಲ್ಲಿದ್ದ ರೊಟ್ಟಿ ಬಿಚ್ಚಿ ಅಲ್ಲೇ ನನ್ನ ಕೈಗಿಟ್ಟರು. ಎರಡು ರೊಟ್ಟಿ, ಶೇಂಗಾ ಹಿಂಡಿ. ಪಿಕ್ಚರ್ ಮುಗಿಯುವುದರೊಳಗೆ ತಿಂದು ಮುಗಿಸಿದೆ. ಅಷ್ಟು ರುಚಿಯ ರೊಟ್ಟಿ ಮತ್ತೆ ತಿಂದಿಲ್ಲ.

ಮರುದಿನ ಮಾವ ನನ್ನಿಂದ ಕಾಗದ ಬರೆಸಿದರು. ಪಲ್ಲಕ್ಕಿಯ ದಿನಕ್ಕೆ ಬಾ, ಉಪವಾಸ ಇದ್ದು ಬಾ, ಅಷ್ಟೇ. ನಮ್ಮವರು ಬಂದರು. ಅಂಗಳದಲ್ಲಿ ಕೈಕಾಲು ತೊಳೆಯುತ್ತ, ಕೊಲ್ಲಾಪುರದ ಸಂಗೀತದ ಯಜಮಾನರು ತಾಳ ಕುಂಟುತ್ತದೆ, ಇನ್ನೊಂದು ಪೆಟ್ಟು ಹಾಕು ಎಂದು ಎರಡು ದಿನ ಹಟ ಹಿಡಿದಿದ್ದನ್ನು ಹೇಳಿದರು. ಇವರು ಹಾಕಲಿಲ್ಲ. ಕೊನೆಗೆ ಆ ಖಾಲಿ ಜಾಗವೇ ಅವರಿಗೆ ಹಿಡಿಸಿತಂತೆ.

"ಹಾಕಿದ್ರ ನನಗೇನು ಗೊತ್ತಾಗತಿತ್ತು?" ಅಂದರು ಮಾವ, ಮುಖ ನೋಡದೆ.

"ನೀವು ಕೋಲು ಕೊಟ್ಟಿಲ್ಲಲ್ರಿ ಅಪ್ಪಾ. ಕೊಡದ ಪೆಟ್ಟು ನಾ ಹೆಂಗ ಬಾರಿಸ್ಲಿ?"

ಮುಂದೆ ನಮ್ಮವರು ಒಂಬತ್ತು ಪಿಕ್ಚರಿಗೆ ಹಾಡು ಕಟ್ಟಿದರು, ನನ್ನನ್ನೂ ಕೊಲ್ಲಾಪುರಕ್ಕೆ ಕರೆದುಕೊಂಡು ಹೋದರು. ಪಲ್ಲಕ್ಕಿಗೆ ಮಾತ್ರ ಒಂದು ವರ್ಷವೂ ತಪ್ಪಿಸಲಿಲ್ಲ.

ಕಾಗದ ನೋಡಿ ನಮ್ಮವರು ಉಪವಾಸವಿದ್ದು ಬಂದ ಆ ಪಲ್ಲಕ್ಕಿಯ ದಿನ ಗುಡಿಯ ಮುಂದೆ ಮಾವ ಆರು ಪೆಟ್ಟು ಬಾರಿಸಿ ನಿಂತರು. ಕೊರಳಿನ ಡೊಳ್ಳು ತೆಗೆದು ಮಗನ ಕೊರಳಿಗೆ ಹಾಕಿ ಕೋಲು ಕೊಟ್ಟರು. ನಮ್ಮವರು ಮೊದಲಿನಿಂದ ಶುರು ಮಾಡಿದರು. ಆರಾದ ಮೇಲೆ ಗಿರಮಲ್ಲಪ್ಪನ ಕಡೆ ಒಮ್ಮೆ ನೋಡಿ, ಬೇಕೆಂದೇ ಒಂದು ಉಸಿರು ತಡೆದರು. ಅವನ ಅಂಗೈ ಮೊದಲೇ ತೊಡೆಗೆ ಬಿತ್ತು. ಮೇಳವೆಲ್ಲ ನಗುತ್ತಿರುವಾಗಲೇ ಏಳನೆಯ ಪೆಟ್ಟು ಬಿದ್ದು, ಪಲ್ಲಕ್ಕಿ ಹೊರಬಂತು.