ಅಕ್ಕನ ದೊಡ್ಡ ಹೊಟ್ಟೆ

ಅಕ್ಕನ ಚೊಚ್ಚಲ ಬಸುರಿನಲ್ಲಿ ಹೊಟ್ಟೆ ಏಳು ತಿಂಗಳಿಗೇ ಒಂಬತ್ತರಷ್ಟು ಕಾಣುತ್ತಿತ್ತು. ಅದರ ಕೀರ್ತಿಗೆ ಎರಡು ಊರು ಕಿತ್ತಾಡಿದವು. ಕುಣಿಗಲ್ಲಿನ ಅವಳ ಅತ್ತೆ, ಎಲ್ಲ ತಮ್ಮ ಮನೆ ತುಪ್ಪದ ಮಹಿಮೆ ಅಂದರು. ಗುಬ್ಬಿಯ ನಮ್ಮಮ್ಮ ತನ್ನ ಕಾಯಿ ಒಬ್ಬಟ್ಟನ್ನು ಮುಂದಿಟ್ಟಳು. ಬಯಕೆ ಊಟದ ನೆಪದಲ್ಲಿ ಬೀದಿಯ ಹೆಂಗಸರೂ ಡಬ್ಬಿ ತಂದರು. ಬಸುರಿ ಬೇಡ ಅನ್ನಬಾರದೆಂಬ ಕಾನೂನು ಮಾಡಿದವರೂ ಅವರೇ, ಜಾರಿಗೆ ತಂದವರೂ ಅವರೇ.

ತುಮಕೂರಿನ ಡಾಕ್ಟರಮ್ಮ ಮಾತ್ರ ಹೊಟ್ಟೆಗೆ ಟೇಪು ಹಿಡಿದು ಹುಬ್ಬು ಗಂಟಿಕ್ಕಿದರು. ಗ್ಲೂಕೋಸ್ ನೀರು ಕುಡಿಸಿ, ರಕ್ತ ತೆಗೆಸಿ, ಸಕ್ಕರೆ ಹೆಚ್ಚಿದೆ ಅಂದರು.

"ಲೋಟದ ತುಂಬ ಸಕ್ಕರೆ ನೀರು ಕುಡಿಸ್ದೋರು ನೀವು. ಹೆಚ್ಚಾಗ್ದೆ ಇನ್ನೇನಾಯ್ತದೆ?" ಅಂದರು ಅತ್ತೆ.

ಡಾಕ್ಟರಮ್ಮ ನಗಲಿಲ್ಲ. ಬಸುರಿನ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ, ತಾಯಿಯ ಸಕ್ಕರೆ ಮಗುವಿಗೂ ಹೋಗುತ್ತದೆ, ಮಗು ಕೊಬ್ಬುತ್ತದೆ, ಸುತ್ತಲಿನ ನೀರೂ ಹೆಚ್ಚುತ್ತದೆ ಎಂದು ವಿವರಿಸಿದರು. "ಗರ್ಭಕೋಶ ತೀರಾ ಹಿಗ್ಗಿದ್ರೆ ಹೆರಿಗೆ ಆದ್ಮೇಲೆ ಸರಿಯಾಗಿ ಬಿಗಿಯಲ್ಲ. ಬಿಗೀದಿದ್ರೆ ರಕ್ತ ನಿಲ್ಲಲ್ಲ."

"ನಮ್ ವಂಶದಲ್ಲೇ ಸಕ್ಕರೆ ಇಲ್ಲ ಕಣೇ," ಎಂದು ಅಮ್ಮ ಗುಬ್ಬಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದಳು. ಅಕ್ಕ ಇನ್ಸುಲಿನ್ ಚುಚ್ಚಿಸಿಕೊಂಡಳು. ಡಬ್ಬಿಗಳು ಮಾತ್ರ ಬರುತ್ತಲೇ ಇದ್ದವು, ಪ್ರತಿಯೊಂದರಿಂದಲೂ "ಒಂದೇ ಒಂದು ಚೂರು" ಅವಳ ಬಾಯಿಗೆ ಬೀಳುತ್ತಿತ್ತು.

ಹೆರಿಗೆಯ ದಿನ ಅಕ್ಕ ನನ್ನ ಮಣಿಕಟ್ಟು ಬಿಡದ ಕಾರಣ ನನ್ನನ್ನೂ ಒಳಗೆ ಬಿಟ್ಟರು. ಗಂಡು ಮಗು ಹುಟ್ಟಿತು, ಹುಟ್ಟಿ ಒಂದು ತಿಂಗಳಾದ ಕೂಸಿನಷ್ಟು ದಪ್ಪ. ಆಮೇಲೆ ಬೇಸಿನ್ನಿಗೆ ರಕ್ತ ಬೀಳುವ ಸದ್ದು ಕೇಳಿಸಿತು. ತೊಟ್ಟಿಕ್ಕುವ ಸದ್ದಲ್ಲ, ಸುರಿಯುವ ಸದ್ದು. ಮಣಿಕಟ್ಟಿನ ಮೇಲಿದ್ದ ಹಿಡಿತ ಸಡಿಲವಾಯಿತು. ಡಾಕ್ಟರಮ್ಮ ಇಂಜೆಕ್ಷನ್ ಕೊಡಿಸಿ, ಅಕ್ಕನ ಹೊಟ್ಟೆಯನ್ನು ಹೋಳಿಗೆ ಕಣಕದ ಹಾಗೆ ನಾದತೊಡಗಿದರು. ಬಹಳ ಹೊತ್ತಿನ ಮೇಲೆ ಸದ್ದು ನಿಂತಿತು.

ಅಕ್ಕನನ್ನು ವಾರ್ಡಿಗೆ ತಂದ ಮೇಲೆ ನರ್ಸು ನನ್ನ ಅಂಗೈಯನ್ನು ಅವಳ ಹೊಕ್ಕುಳ ಕೆಳಗೆ ಇಟ್ಟಳು. ಒಳಗೆ ತೆಂಗಿನಕಾಯಿಯಂಥದ್ದು ಕೈಗೆ ಸಿಕ್ಕಿತು. "ಗರ್ಭಕೋಶ ಹಿಂಗೇ ಗಟ್ಟಿ ಇರ್ಬೇಕು. ಮೆತ್ತಗಾದ್ರೆ ಉಜ್ಜಿ, ನನ್ನ ಕೂಗಿ."

ಅಷ್ಟರಲ್ಲಿ ಅತ್ತೆ, ಅಮ್ಮ ಪೇಡದ ಡಬ್ಬಿ ಸಮೇತ ಬಂದರು.

"ನೋಡಮ್ಮ, ನಮ್ ತುಪ್ಪ ಹೆಂಗೆ ಕೈ ಕಾಲು ಆಡಿಸ್ತದೆ!" ಅಂದರು ಅತ್ತೆ, ಮಗುವಿನ ಕಡೆ ಬಾಗಿ.

"ಒಬ್ಬಟ್ಟು ಮರೆತ್ರಾ ಬೀಗಿತ್ತೀ?"

ನನ್ನ ಅಂಗೈ ಕೆಳಗಿನ ಕಾಯಿ ಕರಗಿತು. ಇತ್ತು, ಇಲ್ಲವಾಯಿತು. ನಾನು ಉಜ್ಜುತ್ತಾ ಕಿರುಚಿದೆ. ನರ್ಸು ಓಡಿ ಬಂದು, ಅಮ್ಮನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಎರಡೂ ಕೈಯಲ್ಲಿ ಅದುಮಿದಳು. ಮತ್ತೊಂದು ಇಂಜೆಕ್ಷನ್ ಆಯಿತು. ನಿಧಾನಕ್ಕೆ ಅದು ಮತ್ತೆ ಗುಂಡಗೆ ಬಿಗಿಯಿತು.

ಅಮ್ಮ ಪೇಡದ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿದಳು. ಅತ್ತೆ ನನ್ನ ಕೈ ಸರಿಸಿ, "ಇತ್ಲಾಗೆ ಬುಡು," ಎಂದು ತಮ್ಮ ಅಂಗೈ ಇಟ್ಟರು. ಸಂಜೆಯವರೆಗೂ ತೆಗೆಯಲಿಲ್ಲ. ಆಗಾಗ ಯಾರೂ ಕೇಳದಿದ್ದರೂ, "ಗಟ್ಟಿ ಅದೆ," ಅನ್ನುತ್ತಿದ್ದರು.

ಬೀದಿಯ ಹೆಂಗಸೊಬ್ಬರು ಬಾಗಿಲಲ್ಲಿ ಡಬ್ಬಿ ತೆರೆಯುತ್ತ, "ಬಾಣಂತಿಗೆ ಒಂದೇ ಒಂದು ಚೂರು," ಅಂದರು.

"ಮುಚ್ಚಳ ಹಾಕವ್ವ," ಅಂದರು ಅತ್ತೆ, ಕೈ ಕದಲಿಸದೆ.